ಬಿಡುಗಡೆಯ ಚೀಟಿಯೂ ನ್ಯಾಯಸ್ಥಾನದ ತೀರ್ಪೂ



ಈ ಹೊತ್ತು ನಾವು ಮಾತನಾಡಲೆಂದು ಎತ್ತಿಕೊಂಡಿರುವ ವಿಷಯವು ಮಂಗಳಕರವಾದುದಲ್ಲ. ಮದುವೆಯ ಸುದ್ದಿಯನ್ನು ಹೇಳುವುದಕ್ಕೆ ಹತ್ತು ಜನ ಮುಂದೆ ಬರುತ್ತಾರೆ. ಮದುವೆ ಮುರಿದ ಸುದ್ದಿಯನ್ನಾದರೋ ಬಾಗಿಲು ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಆಡುತ್ತಾರೆ. ಹೀಗೆ ಗುಟ್ಟಾಗಿ ಆಡಿದ ಮಾತು ಬಾಯಿಂದ ಬಾಯಿಗೆ ಹೋಗುವಾಗ ಅರ್ಧ ಸತ್ಯವೂ ಅರ್ಧ ಊಹೆಯೂ ಆಗಿಬಿಡುತ್ತದೆ. ಆ ಊಹೆಯನ್ನೇ ಕಾಯಿದೆಯೆಂದು ನಂಬಿ ನಡೆದವರು ಮುಂದೆ ಪಡುವ ಸಂಕಟ ಸಣ್ಣದಲ್ಲ. ಆದುದರಿಂದ ವಿವಾಹವಿಚ್ಛೇದನವನ್ನು ಕಾಯಿದೆಯ ಮೇರೆಗೆ ಪಡೆಯುವ ಕ್ರಮವೇನೆಂಬುದನ್ನು ಬಾಗಿಲು ತೆರೆದೇ ಹೇಳುವುದು ಮೇಲೆಂದು ನಮಗೆ ತೋರಿತು. ನಾವು ವಕೀಲರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ತಿಳಿದವರನ್ನು ಕೇಳಿ, ಕಾಯಿದೆಯ ಪುಸ್ತಕವನ್ನು ತೆರೆದು ನೋಡಿ, ನಾವು ಕಲಿತುದಿಷ್ಟನ್ನು ಶ್ರೋತೃಗಳಿಗೆ ಒಪ್ಪಿಸುತ್ತೇವೆ.

ಕಲಿಯಬೇಕಾಗಿ ಬಂದ ಸಂದರ್ಭವನ್ನು ಮೊದಲು ಹೇಳಬೇಕು. ಕೆಲವು ಕಾಲದ ಹಿಂದೆ ಗುಡೂರಿನಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯನ್ನು ಬಲ್ಲವರಿಗೆ ಗುಡೂರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಒಂದು ಕಡೆ ಇಳಕಲ್ಲಿನ ಸೀರೆ, ಇನ್ನೊಂದು ಕಡೆ ಗುಳೇದಗುಡ್ಡದ ಖಣ. ನಡುವೆ ಮಳೆಯನ್ನು ನಂಬಿದ ಹೊಲಗಳು. ಮಳೆ ಕೈಕೊಟ್ಟ ವರ್ಷ ಗಂಡಸರು ಗೋವೆಗೋ ಮಂಗಳೂರಿಗೋ ದುಡಿಯಲು ಹೋಗುವುದು ಈ ಸೀಮೆಯಲ್ಲಿ ವಾಡಿಕೆ. ಈ ಹೆಣ್ಣುಮಗಳ ಗಂಡನೂ ಹಾಗೆ ಗೋವೆಗೆ ಹೋದವನು. ಮೂರು ವರ್ಷಗಳಿಂದ ಅವಳು ತವರಿನಲ್ಲಿದ್ದು, ಕಂಡಿಕೆ ಸುತ್ತಿ, ಒಂದು ಮಗುವನ್ನು ಸಾಕುತ್ತಿದ್ದಳು. ಅವಳು ತನ್ನ ಕೈಚೀಲದಿಂದ ಮಡಿಸಿದ ಛಾಪಾ ಕಾಗದವೊಂದನ್ನು ತೆಗೆದು ನಮ್ಮ ಮುಂದಿಟ್ಟಳು. ಹಿರಿಯರು ಕೂಡಿ ಬರೆಯಿಸಿದ ಕಾಗದ ಅದು. ಇಂದಿನಿಂದ ಇಬ್ಬರಿಗೂ ಸಂಬಂಧವಿಲ್ಲ, ಅವಳಿಗೆ ಜೀವನಾಂಶದ ಹಕ್ಕಿಲ್ಲ, ಇಬ್ಬರೂ ಬೇಕಾದಲ್ಲಿ ಬೇರೆ ಲಗ್ನ ಮಾಡಿಕೊಳ್ಳಬಹುದು ಎಂದು ಅದರಲ್ಲಿತ್ತು. ಕೆಳಗೆ ಗಂಡ ಹೆಂಡಿರ ರುಜು, ಆರು ಜನ ಪಂಚರ ರುಜು. "ಸರ, ಇಷ್ಟು ಸಾಕಲ್ರಿ?" ಎಂದು ಅವಳು ಕೇಳಿದಳು. ಬೇರೊಂದು ಸಂಬಂಧ ಬಂದಿತ್ತು. ಅವರಿಗೆ ಉತ್ತರ ಹೇಳಬೇಕಾಗಿತ್ತು.

ನಾವು ಆ ಕಾಗದವನ್ನು ಎರಡು ಸಲ ಓದಿದೆವು. ಅಕ್ಷರ ಅಂದವಾಗಿತ್ತು. ಆದರೆ ಸಾಕೆಂದು ಹೇಳುವ ಧೈರ್ಯ ನಮಗಾಗಲಿಲ್ಲ. ಸಾಲದೆಂದು ಹೇಳುವಷ್ಟು ತಿಳಿವಳಿಕೆಯೂ ಇರಲಿಲ್ಲ. ಎಂಟು ದಿವಸದ ಮೇಲೆ ಬಾ ಎಂದು ಕಳುಹಿಸಿದೆವು. ಆ ಎಂಟು ದಿವಸಗಳಲ್ಲಿ ತಿಳಿದುದೇ ಈ ಭಾಷಣದ ತಿರುಳು.

ಬಡಗನಾಡಿನಲ್ಲಿ ಸೋಡಚೀಟಿಯೆಂದು ಕರೆಯುವ ಈ ಬಿಡುಗಡೆಯ ಚೀಟಿಯನ್ನು ಬರಿಯ ಅಜ್ಞಾನದ ಫಲವೆಂದು ನಗುವುದು ತರವಲ್ಲ. ಅದಕ್ಕೆ ದೀರ್ಘವಾದ ಚರಿತ್ರೆಯುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಗಂಡ ಹೆಂಡಿರು ಪರಸ್ಪರ ದ್ವೇಷದಿಂದ ಬೇರೆಯಾಗುವ ಪ್ರಸ್ತಾಪವಿದೆ. ಆದರೆ ಧರ್ಮವಿವಾಹಗಳೆಂದು ಎಣಿಸಿದವುಗಳಿಗೆ ಆ ದಾರಿಯಿಲ್ಲವೆಂದೂ ಅಲ್ಲಿಯೇ ಹೇಳಿದೆ. ಮುಂದೆ ಬಂದ ಶತಮಾನಗಳಲ್ಲಿ ಮೇಲಿನವೆಂದು ಎಣಿಸಿಕೊಂಡ ಜಾತಿಗಳು ಬಿಡುಗಡೆಯನ್ನೂ ಹೆಂಗಸಿನ ಮರುಮದುವೆಯನ್ನೂ ಮುಚ್ಚಿಬಿಟ್ಟವು. ಒಕ್ಕಲುತನ, ನೇಯ್ಗೆ ಮೊದಲಾದ ಕಸುಬುಗಳ ಅನೇಕ ಸಮುದಾಯಗಳಲ್ಲಿಯಾದರೋ ಹಿರಿಯರ ಎದುರಿಗೆ ಬಿಡುಗಡೆಯೂ, ಉಡಿಕೆಯೆಂಬ ಮರುಮದುವೆಯೂ ನಡೆದುಬಂದವು. ಇಂಗ್ಲೆಂಡಿನಲ್ಲಿ 1857ರ ತನಕ ಪೂರ್ಣವಾದ ವಿಚ್ಛೇದನ ಬೇಕೆಂದವನು ಪಾರ್ಲಿಮೆಂಟಿನಿಂದ ತನ್ನೊಬ್ಬನಿಗಾಗಿ ಒಂದು ಕಾಯಿದೆಯನ್ನೇ ಮಾಡಿಸಿಕೊಳ್ಳಬೇಕಾಗಿತ್ತು. ಧನವಂತರಿಗಲ್ಲದೆ ಇತರರಿಗೆ ಅದು ಎಟುಕುವಂತಿರಲಿಲ್ಲ. ಆದುದರಿಂದ ವಿಚ್ಛೇದನವೆಂಬುದು ಪಶ್ಚಿಮದಿಂದ ಬಂದ ಸೋಂಕೆಂದು ಹೇಳುವವರು ನಮ್ಮ ಹಳ್ಳಿಗಳ ಚರಿತ್ರೆಯನ್ನೂ ಅರಿಯರು, ಇಂಗ್ಲೆಂಡಿನ ಚರಿತ್ರೆಯನ್ನೂ ಅರಿಯರು.

ಬಿಡುಗಡೆಯ ಬಾಗಿಲೇ ಇಲ್ಲದ ಸಮುದಾಯದಲ್ಲಿ ಏನಾಗುತ್ತಿತ್ತೆಂಬುದಕ್ಕೆ ರುಖ್ಮಾಬಾಯಿಯವರ ವೃತ್ತಾಂತವೇ ಸಾಕು. ಗುಡೂರಿನ ಸೀಮೆಯು ಆಗ ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯಲ್ಲಿಯೇ ನಡೆದುದು ಅದು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾದ ಆಕೆ ಬೆಳೆದಮೇಲೆ ಗಂಡನ ಮನೆಗೆ ಹೋಗಲೊಲ್ಲೆನೆಂದರು. ಗಂಡನು 1884ರಲ್ಲಿ ದಾವೆ ಹೂಡಿದನು. ಮೊದಲನೆಯ ತೀರ್ಪು ಆಕೆಯ ಕಡೆಗಾಯಿತು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ಗಂಡನ ಮನೆಗೆ ಹೋಗಬೇಕು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗಬೇಕು ಎಂದು 1887ರಲ್ಲಿ ಆಜ್ಞೆಯಾಯಿತು. ಸೆರೆಮನೆಗೆ ಸಿದ್ಧಳಿದ್ದೇನೆಂದು ಆಕೆ ಹೇಳಿದರು. ಕಡೆಗೆ 1888ರಲ್ಲಿ ಹಣ ಕೊಟ್ಟು ರಾಜಿ ಮಾಡಿಕೊಂಡು, ವಿಲಾಯತಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತು ಬಂದರು. ಅಷ್ಟು ಪ್ರಸಿದ್ಧವಾದ ಮೊಕದ್ದಮೆಯಲ್ಲಿಯೂ ವಿಚ್ಛೇದನವೆಂಬ ಮಾತಿಗೆ ಎಡೆಯಿರಲಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು.

ಈ ಬಾಗಿಲನ್ನು ಮೊದಲು ತೆರೆದವುಗಳಲ್ಲಿ ಬಡೋದೆಯ ಸಂಸ್ಥಾನವು ಮುಖ್ಯವಾದುದು. ಅಲ್ಲಿ 1931ರಲ್ಲಿಯೇ ಹಿಂದೂ ವಿಚ್ಛೇದನದ ಕಾಯಿದೆಯಾಯಿತು. ಮುಂಬಯಿ ಪ್ರಾಂತದಲ್ಲಿ 1946ರಲ್ಲಿ ದ್ವಿಪತ್ನೀತ್ವವನ್ನು ತಡೆಯುವ ಕಾಯಿದೆಯೂ 1947ರಲ್ಲಿ ಹಿಂದೂ ವಿಚ್ಛೇದನದ ಕಾಯಿದೆಯೂ ಬಂದವು. ವಿಜಾಪುರ ಜಿಲ್ಲೆಯು 1956ರ ನವೆಂಬರ್ 1ರ ವರೆಗೆ ಮುಂಬಯಿಗೆ ಸೇರಿದ್ದುದರಿಂದ, ಆ ಜಿಲ್ಲೆಯ ಭಾಗವಾಗಿದ್ದ ಬಾಗಿಲುಕೋಟೆ, ಬಾದಾಮಿ, ಹುನಗುಂದಗಳ ಜನರಿಗೆ ಈ ಕಾಯಿದೆಗಳು ಅನ್ವಯಿಸಿದ್ದವು. ಬಾಗಿಲುಕೋಟೆಯು ಬೇರೆ ಜಿಲ್ಲೆಯಾದುದು 1997ರಲ್ಲಿ. 1955ರ ಮೇ 18ರಂದು ದೇಶಕ್ಕೆಲ್ಲ ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದು, ಪ್ರಾಂತಗಳ ಹಳೆಯ ಕಾಯಿದೆಗಳು ರದ್ದಾದವು. ಈ ಕಾಯಿದೆ ಯಾರಿಗೆ ಅನ್ವಯಿಸುತ್ತದೆಂದು ಹೇಳುವ ಎರಡನೆಯ ಕಲಮಿನಲ್ಲಿ ವೀರಶೈವರೂ ಲಿಂಗಾಯತರೂ ಹೆಸರು ಹಿಡಿದೇ ಸೇರಿದ್ದಾರೆ. ಬೌದ್ಧರು, ಜೈನರು, ಸಿಖ್ಖರೂ ಸೇರಿದ್ದಾರೆ. ಪರಿಶಿಷ್ಟ ಪಂಗಡದವರಿಗೆ ಮಾತ್ರ ಕೇಂದ್ರಸರಕಾರವು ಪ್ರತ್ಯೇಕವಾಗಿ ಪ್ರಕಟಿಸದ ಹೊರತು ಇದು ಅನ್ವಯಿಸದು.

ಹಾಗಾದರೆ ಹಿರಿಯರ ಚೀಟಿಯ ಗತಿಯೇನು? ಕಾಯಿದೆಯು ಅದನ್ನು ಪೂರ್ತಿಯಾಗಿ ತಳ್ಳಿಹಾಕಿಲ್ಲ. ಇಪ್ಪತ್ತೊಂಬತ್ತನೆಯ ಕಲಮಿನ ಎರಡನೆಯ ಭಾಗವು, ಸಂಪ್ರದಾಯದಿಂದ ಮನ್ನಣೆ ಪಡೆದ ಬಿಡುಗಡೆಯ ಹಕ್ಕಿಗೆ ಈ ಕಾಯಿದೆಯಿಂದ ಬಾಧೆಯಿಲ್ಲವೆಂದು ಹೇಳುತ್ತದೆ. ಇದನ್ನು ಕೇಳಿ ಚೀಟಿ ಬರೆಯಿಸುವವರು ಸಮಾಧಾನ ಪಡುವುದುಂಟು. ಆದರೆ ಸಂಪ್ರದಾಯವೆಂದರೆ ಯಾವುದು? ಬಹುಕಾಲದಿಂದ ಎಡೆಬಿಡದೆ ಒಂದೇ ರೀತಿಯಲ್ಲಿ ನಡೆದುಬಂದು ಆ ಸಮುದಾಯದಲ್ಲಿ ಕಾಯಿದೆಯ ಬಲವನ್ನು ಪಡೆದಿರಬೇಕು, ನಿಶ್ಚಿತವಾಗಿರಬೇಕು, ಅನ್ಯಾಯದ್ದೂ ಲೋಕನೀತಿಗೆ ವಿರುದ್ಧವಾದುದೂ ಆಗಿರಬಾರದು. ಇಷ್ಟನ್ನೂ ನ್ಯಾಯಸ್ಥಾನದಲ್ಲಿ ಸಾಕ್ಷಿಯಿಂದ ಸ್ಥಾಪಿಸತಕ್ಕ ಹೊಣೆ, ಸಂಪ್ರದಾಯವುಂಟೆಂದು ಹೇಳುವವರ ಮೇಲೆಯೇ ಇರುತ್ತದೆ. 2002ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಸ್ಪಷ್ಟಪಡಿಸಿತು. 1982ರಲ್ಲಿ ಬರೆಯಿಸಿದ ಬಿಡುಗಡೆಯ ಪತ್ರವೇ ಅಲ್ಲಿಯ ವಿವಾದ. ಹೆಂಡತಿಯು ಅದು ಮೋಸದಿಂದ ಬರೆಯಿಸಿಕೊಂಡುದೆಂದಳು. ಮದುವೆಯ ಬಂಧವು ಕಾಯಿದೆ ಹೇಳಿದ ರೀತಿಯಲ್ಲಿಯೇ ಬಿಡತಕ್ಕುದು, ಸಂಪ್ರದಾಯದ ಬಿಡುಗಡೆ ಅದಕ್ಕೊಂದು ಅಪವಾದ, ಅಪವಾದವನ್ನು ಹೇಳುವವರು ಅದನ್ನು ವಿಶೇಷವಾಗಿ ವಾದಿಸಿ ಸ್ಥಾಪಿಸಬೇಕು ಎಂಬುದು ತೀರ್ಪಿನ ಸಾರ. ಪತ್ರವಾದ ಇಪ್ಪತ್ತು ವರ್ಷಗಳ ಮೇಲೆ, ಸಂಪ್ರದಾಯವುಂಟೋ ಇಲ್ಲವೋ ಎಂಬುದನ್ನು ವಿಚಾರಿಸಲು ಮೊಕದ್ದಮೆಯು ಕೆಳಗಿನ ನ್ಯಾಯಸ್ಥಾನಕ್ಕೆ ಮರಳಿ ಹೋಯಿತು. ಅಷ್ಟು ವರ್ಷ ಆ ಇಬ್ಬರ ಸ್ಥಿತಿ ಏನೆಂಬುದು ಯಾರಿಗೂ ನಿಶ್ಚಯವಿರಲಿಲ್ಲ.

ಚೀಟಿಯನ್ನು ನಂಬಿ ಮರುಮದುವೆಯಾದವರಿಗೆ, ಆ ಚೀಟಿ ನಿಲ್ಲದೆಹೋದರೆ ಒದಗುವ ವಿಪತ್ತು ಮೂರು ಬಗೆಯದು. ಮೊದಲನೆಯದಾಗಿ, ಎರಡನೆಯ ಮದುವೆಯು ಮೂಲತಃ ಶೂನ್ಯವಾಗುತ್ತದೆ; ಹಾಗೆ ಬಂದ ಹೆಂಡತಿಯು ವಾರಸಿಗಾಗಲಿ ನಿವೃತ್ತಿವೇತನಕ್ಕಾಗಲಿ ಧರ್ಮಪತ್ನಿಯೆಂದು ನಿಲ್ಲುವುದು ಕಷ್ಟ. ಎರಡನೆಯದಾಗಿ, ಅದು ಅಪರಾಧವೂ ಆಗಬಹುದು. ಹಳೆಯ ದಂಡಸಂಹಿತೆಯ 494ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಾಗಿದೆ. ಶಿಕ್ಷೆ ಏಳು ವರ್ಷಗಳವರೆಗೂ ಇರಬಹುದು. ಮೂರನೆಯದಾಗಿ, ಜೀವನಾಂಶ ಬೇಡವೆಂದು ಬರೆದುಕೊಟ್ಟ ಹೆಂಗಸು ತನ್ನ ಹಕ್ಕು ಮುಗಿಯಿತೆಂದೇ ನಂಬಿ ಕೇಳದೆ ಉಳಿಯುತ್ತಾಳೆ. ಒಂದು ಸಮಾಧಾನವೆಂದರೆ ಕಾಯಿದೆಯು ತಂದೆತಾಯಿಗಳ ತಪ್ಪನ್ನು ಮಕ್ಕಳ ಮೇಲೆ ಹೊರಿಸುವುದಿಲ್ಲ. ಶೂನ್ಯವಾದ ಮದುವೆಯ ಮಕ್ಕಳೂ ನ್ಯಾಯಸಮ್ಮತರೇ ಎಂದು ಹದಿನಾರನೆಯ ಕಲಮು ಹೇಳುತ್ತದೆ. ಅಂಥ ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ತಂದೆತಾಯಿಗಳಿಗೆ ಬರತಕ್ಕ ಪಾಲಿನೊಳಗೆ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರಿನಲ್ಲಿ ನಿರ್ಣಯಿಸಿತು. ಆ ಮೊಕದ್ದಮೆಯೂ ಕರ್ನಾಟಕದ್ದೇ.

ಇನ್ನು ಕಾಯಿದೆಯ ಮಾರ್ಗಕ್ಕೆ ಬರೋಣ. ಅದು ಎರಡು ಕವಲು. ಇಬ್ಬರೂ ಒಪ್ಪಿ ಬೇಡುವುದು ಒಂದು. ಒಬ್ಬರು ಬೇಡಿ ಇನ್ನೊಬ್ಬರು ಎದುರಿಸುವುದು ಇನ್ನೊಂದು.

ಇಬ್ಬರೂ ಒಪ್ಪಿ ಬೇಡುವ ಮಾರ್ಗವು 1976ರ ತಿದ್ದುಪಡಿಯಿಂದ ಬಂದುದು; ಕಾಯಿದೆಯ 13ಬಿ ಕಲಮಿನಲ್ಲಿದೆ. ಗಂಡ ಹೆಂಡಿರು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆಯಾಗಿದ್ದಿರಬೇಕು, ಕೂಡಿ ಬಾಳಲಾರದವರಾಗಿರಬೇಕು, ಮದುವೆಯನ್ನು ಮುಗಿಸಲು ಇಬ್ಬರೂ ಸಮ್ಮತಿಸಿರಬೇಕು. ಈ ಮೂರನ್ನೂ ಹೇಳಿ ಇಬ್ಬರೂ ಕೂಡಿ ಒಂದೇ ಅರ್ಜಿಯನ್ನು ಕೊಡುತ್ತಾರೆ. ಅರ್ಜಿ ಕೊಟ್ಟ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ನ್ಯಾಯಾಧೀಶರ ಮುಂದೆ ಬಂದು ತಮ್ಮ ಮನಸ್ಸು ಬದಲಾಗಿಲ್ಲವೆಂದು ಹೇಳಬೇಕು. ನಡುವಿನ ಕಾಲವು ಮರುವಿಚಾರಕ್ಕೆ ಕೊಟ್ಟುದು. ತೀರ್ಪಾಗುವ ಮುಂಚೆ ಯಾರಾದರೊಬ್ಬರು ಸಮ್ಮತಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಅರ್ಜಿ ನಿಲ್ಲದು. ಬೇರೆಯಾಗಿ ಒಂದೂವರೆ ವರ್ಷವಾಗಿದ್ದು, ರಾಜಿಯ ಯತ್ನ ವಿಫಲವಾಗಿದ್ದು, ಜೀವನಾಂಶ ಮತ್ತು ಮಕ್ಕಳ ವಿಷಯ ಮೊದಲೇ ಇತ್ಯರ್ಥವಾಗಿದ್ದರೆ, ಆರು ತಿಂಗಳ ಕಾಯುವಿಕೆಯನ್ನು ನ್ಯಾಯಸ್ಥಾನವು ಬಿಟ್ಟುಕೊಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಹಿರಿಯರ ಚೀಟಿಗೂ ಈ ಅರ್ಜಿಗೂ ಇರುವ ಅಂತರ ಇಲ್ಲಿಯೇ. ಚೀಟಿಯಲ್ಲಿ ಒಂದು ರಾತ್ರಿಯ ಒತ್ತಾಯಕ್ಕೆ ಬಿದ್ದ ರುಜು ಕಡೆಯ ತನಕ ಕಟ್ಟಿಹಾಕುತ್ತದೆ; ಅರ್ಜಿಯಲ್ಲಾದರೋ ಒಪ್ಪಿದವಳನ್ನು ನ್ಯಾಯಾಧೀಶರು ಎದುರಿಗೆ ನಿಲ್ಲಿಸಿಕೊಂಡು, ಇದು ನಿನ್ನದೇ ಮನಸ್ಸೇ ಎಂದು ಮತ್ತೊಮ್ಮೆ ಕೇಳುತ್ತಾರೆ.

ಎರಡನೆಯ ಮಾರ್ಗದಲ್ಲಿ ಕಾರಣವನ್ನು ಹೇಳಿ ಸ್ಥಾಪಿಸಬೇಕು. ಮದುವೆಯಾಗಿ ಒಂದು ವರ್ಷ ಕಳೆಯುವ ಮುನ್ನ, ಅಸಾಧಾರಣವಾದ ಸಂಕಟವಿದ್ದ ಹೊರತು, ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ. ಹದಿಮೂರನೆಯ ಕಲಮು ಕಾರಣಗಳನ್ನು ಎಣಿಸಿದೆ: ಪರಸಂಗ, ಕ್ರೌರ್ಯ, ಎರಡು ವರ್ಷಗಳ ಎಡೆಬಿಡದ ಪರಿತ್ಯಾಗ, ಮತಾಂತರ, ಕೂಡಿ ಬಾಳಲಾಗದಷ್ಟು ತೀವ್ರವಾದ ಮನೋರೋಗ, ಸೋಂಕುವ ಗುಹ್ಯರೋಗ, ಸಂನ್ಯಾಸ, ಏಳು ವರ್ಷ ಜೀವಂತವಿರುವ ಸುದ್ದಿಯೇ ಇಲ್ಲದಿರುವುದು. ಕುಷ್ಠವೂ ಮೊದಲು ಈ ಪಟ್ಟಿಯಲ್ಲಿತ್ತು. ಔಷಧದಿಂದ ವಾಸಿಯಾಗುವ ಆ ರೋಗವನ್ನು 2019ರಲ್ಲಿ ಪಟ್ಟಿಯಿಂದ ತೆಗೆದುಹಾಕಿದರು. ಹೆಂಡತಿಗೆ ಮಾತ್ರವೇ ದೊರೆಯುವ ಕಾರಣಗಳೂ ಕೆಲವುಂಟು. ಜೀವನಾಂಶದ ಆಜ್ಞೆಯಾದಮೇಲೆ ಒಂದು ವರ್ಷ ಕಳೆದರೂ ಸಂಸಾರ ಕೂಡದಿದ್ದರೆ ಅದೇ ಒಂದು ಕಾರಣ. ಹದಿನೈದು ವರ್ಷ ತುಂಬುವ ಮೊದಲೇ ಮದುವೆ ಮಾಡಿದ್ದು, ಹದಿನೈದರಿಂದ ಹದಿನೆಂಟರ ಒಳಗೆ ಅವಳು ಅದನ್ನು ನಿರಾಕರಿಸಿದ್ದರೆ ಅದೂ ಒಂದು ಕಾರಣ.

ಇವುಗಳಲ್ಲಿ ಹೆಚ್ಚಾಗಿ ಕೇಳಬರುವುವು ಕ್ರೌರ್ಯ ಮತ್ತು ಪರಿತ್ಯಾಗ. ಕ್ರೌರ್ಯವೆಂದರೆ ಹೊಡೆತವೊಂದೇ ಅಲ್ಲ. ಮನಸ್ಸಿಗೆ ಮಾಡುವ ಹಿಂಸೆಯೂ ಸೇರುತ್ತದೆ. ಅದನ್ನು ಕೊಲೆಯ ಮೊಕದ್ದಮೆಯಂತೆ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸ್ಥಾಪಿಸಬೇಕಾಗಿಲ್ಲ. ಹೆಚ್ಚು ಸಂಭಾವ್ಯವಾದುದು ಯಾವುದೆಂದು ತೋರಿಸಿದರೆ ಸಾಕೆಂದು 1975ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಪರಿತ್ಯಾಗದ ವಿಷಯದಲ್ಲಿ 1956ರ ತೀರ್ಪೊಂದು ಇಂದಿಗೂ ಆಧಾರವಾಗಿದೆ. ಅದು ನಾವು ಆಗ ಹೇಳಿದ 1947ರ ಮುಂಬಯಿ ಕಾಯಿದೆಯ ಕೆಳಗೆ ಬಂದ ಮೊಕದ್ದಮೆ. ಮನೆಯನ್ನು ಬಿಟ್ಟು ಹೋದುದಷ್ಟೇ ಪರಿತ್ಯಾಗವಲ್ಲ, ಸಂಸಾರವನ್ನು ಶಾಶ್ವತವಾಗಿ ಮುಗಿಸಬೇಕೆಂಬ ಸಂಕಲ್ಪವೂ ಜೊತೆಗಿರಬೇಕೆಂದು ಅಲ್ಲಿ ಹೇಳಿದೆ. ಆದುದರಿಂದ ದುಡಿಯಲು ಗೋವೆಗೆ ಹೋದ ಗಂಡನಾಗಲಿ ಹೆರಿಗೆಗೆ ತವರಿಗೆ ಬಂದ ಹೆಂಡತಿಯಾಗಲಿ ಅಷ್ಟರಿಂದಲೇ ಪರಿತ್ಯಾಗ ಮಾಡಿದಂತಾಗುವುದಿಲ್ಲ. ಮದುವೆಯು ಸರಿಪಡಿಸಲಾಗದಷ್ಟು ಮುರಿದುಹೋಗಿದೆಯೆಂಬುದು ಮಾತ್ರವೇ ಕೆಳಗಿನ ನ್ಯಾಯಸ್ಥಾನಗಳಲ್ಲಿ ಸ್ವತಂತ್ರವಾದ ಕಾರಣವಾಗದು. ಆ ಕಾರಣದಿಂದ ಬಿಡುಗಡೆ ಕೊಡುವ ವಿಶೇಷಾಧಿಕಾರವು ಸಂವಿಧಾನದ 142ನೆಯ ವಿಧಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಉಂಟೆಂದು 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠವು ಹೇಳಿದೆ.

ಅರ್ಜಿಯನ್ನು ಎಲ್ಲಿ ಕೊಡಬೇಕು? ಕುಟುಂಬ ನ್ಯಾಯಾಲಯವಿರುವಲ್ಲಿ ಅದರಲ್ಲಿ. ಇಲ್ಲದೆಡೆಯಲ್ಲಿ ಸರಕಾರವು ಈ ಕೆಲಸಕ್ಕೆ ಗೊತ್ತುಮಾಡಿದ ಸಿವಿಲ್ ನ್ಯಾಯಾಲಯದಲ್ಲಿ. ಮದುವೆಯಾದ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ಇಬ್ಬರೂ ಕಡೆಯದಾಗಿ ಕೂಡಿ ಬಾಳಿದ ಸ್ಥಳ, ಈ ಮೂರರಲ್ಲಿ ಯಾವುದಾದರೂ ಸೇರುವ ಸೀಮೆಯ ನ್ಯಾಯಸ್ಥಾನವಾಗಬಹುದು. ಅರ್ಜಿ ಕೊಡುವವಳು ಹೆಂಡತಿಯಾಗಿದ್ದರೆ ತಾನೀಗ ವಾಸಿಸುತ್ತಿರುವ ಸ್ಥಳದಲ್ಲಿಯೇ ಕೊಡಬಹುದೆಂದು 2003ರಲ್ಲಿ ತಿದ್ದುಪಡಿಯಾಗಿದೆ. ಗುಡೂರಿನ ಹೆಣ್ಣುಮಗಳು ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಗೋವೆಗೆ ಅಲೆಯಬೇಕಾಗಿಲ್ಲ.

ಅರ್ಜಿಯಲ್ಲಿ ಮದುವೆಯ ದಿನ, ಸ್ಥಳ, ಮಕ್ಕಳ ವಿವರ, ಬೇರೆಯಾದ ಕಾಲ, ಕಾರಣಗಳು, ಈ ಮುಂಚೆ ನಡೆದ ಮೊಕದ್ದಮೆಗಳು, ಇಬ್ಬರೂ ಒಳಗೊಳಗೆ ಕೂಡಿ ನ್ಯಾಯಸ್ಥಾನವನ್ನು ವಂಚಿಸುತ್ತಿಲ್ಲವೆಂಬ ಮಾತು, ಇಷ್ಟಿರಬೇಕು. ಲಗ್ನಪತ್ರಿಕೆ, ಛಾಯಾಚಿತ್ರ, ವಾಸದ ದಾಖಲೆಗಳನ್ನು ಜೊತೆಗಿಡುತ್ತಾರೆ. ಮದುವೆಯನ್ನು ನೋಂದಾಯಿಸಿಲ್ಲವೆಂದು ಹೆದರಬೇಕಾಗಿಲ್ಲ. ನೋಂದಣಿಯಿಲ್ಲವೆಂಬುದರಿಂದ ಮದುವೆ ಮದುವೆಯಲ್ಲವೆಂದಾಗದು. ಬಳಿಕ ಎದುರುದಾರರಿಗೆ ಸಮನ್ಸು ಹೋಗುತ್ತದೆ. ಅವರು ಬಂದು ತಕರಾರನ್ನು ಬರೆದು ಕೊಡಬಹುದು. ತಾವೇ ಪ್ರತಿಯಾಗಿ ಪರಿಹಾರವನ್ನೂ ಬೇಡಬಹುದು. ಸಮನ್ಸು ಮುಟ್ಟಿಯೂ ಬಾರದಿದ್ದರೆ ಏಕಪಕ್ಷೀಯವಾಗಿ ವಿಚಾರಣೆ ನಡೆಯುತ್ತದೆ. ಇಬ್ಬರೂ ಬಂದರೆ, ಸಾಧ್ಯವಿರುವಲ್ಲಿ, ಮೊದಲು ರಾಜಿಯ ಯತ್ನ. ಹಿರಿಯರು ಕಟ್ಟೆಯ ಮೇಲೆ ಕುಳಿತು ಮಾಡುತ್ತಿದ್ದ ಬುದ್ಧಿವಾದವನ್ನು ಕಾಯಿದೆ ಕೈಬಿಟ್ಟಿಲ್ಲ. ಅದನ್ನು ತನ್ನ ಕ್ರಮದೊಳಗೇ ಇಟ್ಟುಕೊಂಡಿದೆ. ಅದು ಫಲಿಸದಿದ್ದರೆ ಸಾಕ್ಷ್ಯ, ಪಾಟೀಸವಾಲು, ವಾದ, ತೀರ್ಪು. ವಿಚಾರಣೆಯು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯತಕ್ಕುದು. ಅನುಮತಿಯಿಲ್ಲದೆ ಅದನ್ನು ಅಚ್ಚು ಹಾಕಕೂಡದು. ಊರವರ ಮುಂದೆ ಮಾನ ಹೋದೀತೆಂಬ ಭಯದಿಂದ ಕೋರ್ಟಿನ ಮೆಟ್ಟಿಲು ಹತ್ತದವರು ಇದನ್ನು ನೆನಪಿನಲ್ಲಿಡಬೇಕು. ಚಾವಡಿಯ ಪಂಚಾಯಿತಿಗೆ ಬಾಗಿಲೇ ಇರುವುದಿಲ್ಲವಷ್ಟೆ.

ವಿಚ್ಛೇದನದ ತೀರ್ಪಾದಾಗ ಅದರ ಒಂದೊಂದು ಪ್ರತಿಯನ್ನು ಇಬ್ಬರಿಗೂ ಹಣ ತೆಗೆದುಕೊಳ್ಳದೆ ಕೊಡತಕ್ಕುದೆಂದು ಇಪ್ಪತ್ತಮೂರನೆಯ ಕಲಮಿನಲ್ಲಿ ಹೇಳಿದೆ. ಈ ಪ್ರತಿಯೇ ನಿಜವಾದ ಬಿಡುಗಡೆಯ ಚೀಟಿ. ಆದರೂ ಅದು ಕೈಗೆ ಬಂದ ಮರುದಿನವೇ ಮರುಮದುವೆಗೆ ಹೊರಡಕೂಡದು. ಮೇಲ್ಮನವಿಯ ಕಾಲ ಕಳೆಯಬೇಕು. ಮೇಲ್ಮನವಿಯಾಗಿದ್ದರೆ ಅದು ತೀರಬೇಕು. ವಿವಾಹ ಕಾಯಿದೆಯು 2003ರಿಂದ ಈ ಕಾಲವನ್ನು 90 ದಿವಸವೆಂದು ಗೊತ್ತುಮಾಡಿದೆ.

ಬಿಡುಗಡೆಯ ಮಾತಿನ ನಡುವೆ ಹೊಟ್ಟೆಯ ಮಾತು ಮರೆತುಹೋಗಬಾರದು. ವ್ಯಾಜ್ಯ ನಡೆಯುತ್ತಿರುವಾಗಲೇ ಸ್ವಂತ ಆದಾಯ ಸಾಲದವರು, ಗಂಡನಾಗಲಿ ಹೆಂಡತಿಯಾಗಲಿ, ತಾತ್ಕಾಲಿಕ ಜೀವನಾಂಶವನ್ನೂ ವ್ಯಾಜ್ಯದ ವೆಚ್ಚವನ್ನೂ ಕೇಳಬಹುದು. ಆ ಅರ್ಜಿಯನ್ನು ನೋಟೀಸು ಮುಟ್ಟಿದ 60 ದಿವಸಗಳೊಳಗೆ ಆದಷ್ಟು ಮಟ್ಟಿಗೆ ತೀರಿಸಬೇಕೆಂದಿದೆ. ತೀರ್ಪಿನ ಹೊತ್ತಿಗೆ ಶಾಶ್ವತ ಜೀವನಾಂಶ, ಮಕ್ಕಳು ಯಾರ ಬಳಿ ಇರಬೇಕು, ಅವರ ಸಾಕಣೆ, ಮದುವೆಯ ಕಾಲದಲ್ಲಿ ಇಬ್ಬರಿಗೂ ಕೂಡಿ ಬಂದ ಒಡವೆವಸ್ತುಗಳು, ಇವೂ ತೀರ್ಮಾನವಾಗತಕ್ಕವು. ಇಬ್ಬರೂ ತಮ್ಮ ಆಸ್ತಿ ಆದಾಯಗಳನ್ನು ಪ್ರಮಾಣಪೂರ್ವಕ ಬರೆದುಕೊಡಬೇಕೆಂದೂ, ಜೀವನಾಂಶವು ಅರ್ಜಿ ಕೊಟ್ಟ ದಿನದಿಂದಲೇ ಸಲ್ಲತಕ್ಕುದೆಂದೂ 2020ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಇದಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ಜೀವನಾಂಶ ಕೇಳುವ ಹಳೆಯ 125ನೆಯ ಕಲಮು ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿ ನಿಂತಿದೆ. ವಿಚ್ಛೇದನವಾದರೂ ಮರುಮದುವೆಯಾಗದ ಹೆಂಗಸು ಅದರ ಆಶ್ರಯವನ್ನು ಪಡೆಯಬಹುದು.

ಇತರ ಮತದವರ ವಿಷಯವನ್ನು ಒಂದೆರಡು ಮಾತಿನಲ್ಲಿ ಹೇಳುತ್ತೇವೆ. ಮುಸ್ಲಿಂ ಹೆಂಗಸರಿಗೆ 1939ರ ಕಾಯಿದೆಯು ನ್ಯಾಯಸ್ಥಾನದಿಂದ ಬಿಡುಗಡೆ ಪಡೆಯುವ ಕಾರಣಗಳನ್ನು ಕೊಟ್ಟಿದೆ. ಗಂಡನು ಎರಡು ವರ್ಷ ಪೋಷಿಸದಿರುವುದು ಅವುಗಳಲ್ಲೊಂದು. ಒಂದೇ ಉಸಿರಿನಲ್ಲಿ ಮೂರು ತಲಾಖು ಹೇಳುವುದನ್ನು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. 2019ರಲ್ಲಿ ಅದು ಅಪರಾಧವೂ ಆಯಿತು. ಕ್ರೈಸ್ತರಿಗೆ 1869ರ ಕಾಯಿದೆಯುಂಟು. ಹೆಂಗಸರಿಗಿದ್ದ ಹೆಚ್ಚಿನ ಕಟ್ಟುಗಳನ್ನು 2001ರಲ್ಲಿ ತೆಗೆದುಹಾಕಿ ಪರಸ್ಪರ ಸಮ್ಮತಿಯ ಮಾರ್ಗವನ್ನೂ ಸೇರಿಸಿದರು. ನೋಂದಣಿಯ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯಿದೆ.

ಇಷ್ಟೆಲ್ಲ ಕೇಳಿದ ಶ್ರೋತೃಗಳು, ವಕೀಲರಿಗೆ ಕೊಡಲು ಹಣವೆಲ್ಲಿ, ವರ್ಷಗಟ್ಟಲೆ ವಾಯಿದೆಗಳಿಗೆ ಅಲೆಯುವುದು ಹೇಗೆ, ಚೀಟಿಯಾದರೆ ಒಂದೇ ರಾತ್ರಿಯಲ್ಲಿ ಮುಗಿಯುತ್ತದಲ್ಲ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯಿದೆಯಲ್ಲಿದ್ದರೂ ಎದುರುದಾರರು ಹಟ ಹಿಡಿದರೆ ವರ್ಷಗಳೇ ಹಿಡಿಯುತ್ತವೆ. ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಹಣದ ಮಟ್ಟಿಗಾದರೋ ಉಪಾಯವುಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆಯ ಪ್ರಕಾರ ಹೆಂಗಸಿಗೆ, ಅವಳ ಆದಾಯವೆಷ್ಟೆಂದು ಕೇಳದೆ, ವಕೀಲರ ನೆರವು ಉಚಿತವಾಗಿ ದೊರೆಯತಕ್ಕುದು. ಪರಿಶಿಷ್ಟ ಜಾತಿ ಪಂಗಡಗಳವರಿಗೂ ಹಾಗೆಯೇ. ತಾಲೂಕಿನ ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿಯಿದೆ, ಜಿಲ್ಲೆಯಲ್ಲಿ ಪ್ರಾಧಿಕಾರವಿದೆ. 15100 ಎಂಬ ದೂರವಾಣಿ ಸಂಖ್ಯೆಗೂ ಕೇಳಬಹುದು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವು ಅಲ್ಲಗಳೆಯುವವರಲ್ಲ. ಬಹಳ ಮನೆಗಳಲ್ಲಿ ಅದು ನಿಜ, ನಿಜವಾಗಿಯೇ ಉಳಿಯಲಿ. ಉಣ್ಣುವ ಮನೆಯೇ ಇಲ್ಲದಂತಾದವರಿಗೆ ಮಾತ್ರ ಆ ಗಾದೆ ಸಾಲದು. ಅವರಿಗೆ ಬೇಕಾದುದು ನಿಶ್ಚಯ: ತಾನು ಹೆಂಡತಿಯೋ ಅಲ್ಲವೋ, ಮಗುವಿನ ಅನ್ನ ಯಾರ ಹೊಣೆ, ನಾಳೆ ಯಾರಾದರೂ ಬಂದು ತನ್ನ ಬಾಳನ್ನು ಪ್ರಶ್ನಿಸಿದರೆ ತೋರಿಸುವುದಕ್ಕೆ ಏನಿದೆ. ಈ ನಿಶ್ಚಯವನ್ನು ಊರಿನ ಪ್ರೀತಿಯೂ ಹಿರಿಯರ ಗೌರವವೂ ಕೊಡಲಾರವು. ಅದನ್ನು ಕೊಡುವ ಅಧಿಕಾರ ನ್ಯಾಯಸ್ಥಾನದ್ದು. ಹಿರಿಯರಲ್ಲಿ ನಮ್ಮ ವಿಜ್ಞಾಪನೆಯೂ ಇಷ್ಟೇ. ತಾವು ಬುದ್ಧಿ ಹೇಳಿರಿ, ಕೂಡಿಸಲು ಯತ್ನಿಸಿರಿ. ಕೂಡದೆಂದು ಕಂಡಾಗ, ಇಬ್ಬರೂ ಒಪ್ಪಿದ ಮಾತುಗಳನ್ನು ಬರೆದುಕೊಂಡು, ಆ ಕಾಗದವನ್ನು ಕೈಗೆ ಕೊಟ್ಟು ಮನೆಗೆ ಕಳುಹಿಸದೆ ಕೋರ್ಟಿಗೆ ಕಳುಹಿಸಿರಿ.

ಆ ವಿದ್ಯಾರ್ಥಿನಿಯು ಎಂಟು ದಿವಸದ ಮೇಲೆ ಮತ್ತೆ ಬಂದಳು. ಈ ಕಾಗದ ಸಾಲದಮ್ಮ ಎಂದೆವು. ಬಂದಿದ್ದ ಸಂಬಂಧದವರು ಕಾಯಲು ಒಪ್ಪಲಿಲ್ಲ, ಅದು ತಪ್ಪಿಹೋಯಿತು. ನಮ್ಮ ಮಾತಿನಿಂದಲೇ ತಪ್ಪಿತೆಂಬ ವ್ಯಥೆ ನಮಗೆ ಬಹಳ ದಿವಸವಿತ್ತು. ಅವಳು ಕಾನೂನು ಸೇವಾ ಸಮಿತಿಗೆ ಹೋಗಿ ವಕೀಲರನ್ನು ಪಡೆದಳು. ಗಂಡನೂ ಬೇರೆಯಾಗಲು ಒಪ್ಪಿದವನೇ ಆದುದರಿಂದ ಇಬ್ಬರೂ ಕೂಡಿ ಅರ್ಜಿ ಕೊಟ್ಟರು. ಪಂಚರು ಬರೆಯಿಸಿದ್ದ ಕಾಗದದಲ್ಲಿ ಮಗುವಿನ ಹೆಸರೇ ಇರಲಿಲ್ಲ. ನ್ಯಾಯಸ್ಥಾನಕ್ಕೆ ಕೊಟ್ಟ ಕಾಗದದಲ್ಲಿ ಮಗುವಿನ ಸಾಕಣೆಗೆ ತಿಂಗಳು ತಿಂಗಳು ಇಷ್ಟೆಂದು ಬರೆದು ಗಂಡನು ರುಜು ಹಾಕಿದನು. ತೀರ್ಪಿನ ಪ್ರತಿ ಬಂದಮೇಲೆ ಅವಳು ಅದನ್ನು ತಂದು ನಮ್ಮ ಮುಂದಿಟ್ಟು, ಇದರಲ್ಲಿ ಏನಿದೆಯೆಂದು ಒಂದು ಸಲ ಪೂರ್ತಿಯಾಗಿ ಓದಿ ಹೇಳಿರೆಂದಳು. ನಾವು ಓದಿ ಹೇಳಿದೆವು. ಮೊದಲಿನ ಛಾಪಾ ಕಾಗದವನ್ನು ಏನು ಮಾಡಲೆಂದು ಕೇಳಿದಳು. ಇಟ್ಟುಕೊಂಡಿರು, ಆದರೆ ಯಾರಾದರೂ ಕೇಳಿದರೆ ಇದನ್ನು ತೋರಿಸು ಎಂದೆವು.